ಸಸ್ಯಾಹಾರಿಗಳು ಮೀನು ಹುಡುಕಿದ್ದು

ಮನೆಗೆ ಬಣ್ಣ ಹೊಡೆಸಬೇಕೆಂದು ಯಾರಾದರೂ ಹೊರಟರೆ ನಾನು ಒಂದು ಮಾತು ಹೇಳುತ್ತೇನೆ. ಬಣ್ಣದವನು ಮೊದಲು ಕೈಹಾಕುವುದು ಗೋಡೆಗಲ್ಲ, ಅಟ್ಟಕ್ಕೆ. ಡೊಂಬಿವಲಿಯ ಫ್ಲ್ಯಾಟುಗಳಲ್ಲಿ ಮನುಷ್ಯರಿಗೆ ಜಾಗ ಕಡಿಮೆ, ಅಟ್ಟಗಳಿಗೆ ಮಾತ್ರ ಕೊರತೆಯಿಲ್ಲ. ಅಡಿಗೆಮನೆಯ ಮೇಲೊಂದು, ಬಚ್ಚಲಿನ ಮೇಲೊಂದು. ಎಸೆಯಲು ಮನಸ್ಸಿಲ್ಲದ, ಬಳಸಲು ಬಾರದ ಎಲ್ಲವೂ ಅಲ್ಲಿ ಹೋಗಿ ಕೂತಿರುತ್ತದೆ. ಬಣ್ಣದವನು ಏಣಿ ಹತ್ತಿದ ದಿನ ಅವೆಲ್ಲ ಹಾಲಿಗೆ ಇಳಿದು, ನಿಮ್ಮ ಮುಖವನ್ನೇ ನೋಡುತ್ತ ಕೂರುತ್ತವೆ.

ನಮ್ಮಲ್ಲೂ ಇಳಿದವು. ಸುಟ್ಟುಹೋದ ಮಿಕ್ಸರ್, ಮಗಳ ಮೂರುಗಾಲಿ ಸೈಕಲ್ಲು, ಗದಗಿನಿಂದ ಹೊತ್ತು ತಂದು ಇಲ್ಲಿಯ ನಲ್ಲಿಯ ಕೆಳಗೆ ಹಿಡಿಸದೆ ನಿವೃತ್ತಿಯಾದ ಹಿತ್ತಾಳೆ ಕೊಡ. ಎಲ್ಲಕ್ಕಿಂತ ಹಿಂದಿನಿಂದ ಬಣ್ಣದವನು ಒಂದು ಹಸಿರು ತಗಡಿನ ಪೆಟ್ಟಿಗೆ ಎಳೆದು ತೆಗೆದ. ಮುಖದಲ್ಲಿ ಗಡಿಯಾರದಂಥ ದುಂಡು ಬಿಲ್ಲೆ, ಸುತ್ತ ಅಂಕಿಗಳು. ಬೆನ್ನಿನಿಂದ ಹೊರಟ ಉದ್ದನೆಯ ಕಪ್ಪು ವಾಯರು, ಅದರ ತುದಿಗೆ ಪೂರಿಯಷ್ಟಗಲದ ಒಂದು ತಟ್ಟೆ. "ಸಾಬ್, ಯೇ ರಿಕ್ಷಾ ಕಾ ಮೀಟರ್ ಹೈ ಕ್ಯಾ?" ಎಂದು ಕೇಳಿದ.

ನನ್ನ ಹೆಂಡತಿ ಜಯಾ ಅದನ್ನು ನೋಡಿದ್ದೇ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಹಾಕಿಬಿಡಿ ಎಂದಳು. ನಾನು ಎದ್ದು ಹೋಗಿ ಪೆಟ್ಟಿಗೆಯನ್ನು ಅವನ ಕೈಯಿಂದ ಇಸಿದುಕೊಂಡೆ. ನಮ್ಮ ಮದುವೆ ಮಾಡಿಸಿದ ಯಂತ್ರವನ್ನು ಕಿಲೋ ಲೆಕ್ಕದಲ್ಲಿ ಕೊಡುವುದು ನನ್ನಿಂದಾಗದು ಎಂದೆ. ಅವಳು ನನ್ನನ್ನು ಒಂದು ಥರ ನೋಡಿ, ಏನೋ ಹೇಳಲು ಹೊರಟು, ಚಹಾಕ್ಕೆ ಇಡುತ್ತೇನೆಂದು ಒಳಗೆ ಹೋದಳು.

ಇದು ಮೀನು ಹುಡುಕುವ ಯಂತ್ರ. ನಗಬೇಡಿ. ನಾನು ಹುಟ್ಟಿದ್ದು ಗದಗಿನ ಕುಲಕರ್ಣಿಯವರ ಮನೆಯಲ್ಲಿ, ಜಯಾ ಉಡುಪಿ ಕಡೆಯ ರಾಯರ ಮಗಳು. ಎರಡೂ ಮನೆಗಳ ಏಳು ತಲೆಮಾರಿನಲ್ಲಿ ಮೀನನ್ನು ಕೈಯಿಂದ ಮುಟ್ಟಿದವರಿಲ್ಲ. ನನಗಂತೂ ಮೀನಿನ ಜೊತೆ ಇದ್ದ ಸಂಬಂಧ ಒಂದೇ: ನನ್ನ ರಾಶಿ ಮೀನ. ಅಷ್ಟರಮೇಲೆ ಏನಾದರೂ ಇದ್ದರೆ ಅದು ಮೂರನೇ ಇಯತ್ತೆಯ ಸುದ್ದಿ. ಮಳೆಗಾಲದಲ್ಲಿ ನಮ್ಮ ಓಣಿಯ ಹಿಂದೆ ನಿಂತ ನೀರಿನಿಂದ ನಾಲ್ಕು ಕರಿ ಮೀನು ಹಿಡಿದು ಶಾಯಿಯ ಬಾಟಲಿಯಲ್ಲಿಟ್ಟು, ಅನ್ನದ ಅಗುಳು ಹಾಕಿ ಸಾಕಿದ್ದೆ. ಒಂದು ಬೆಳಗ್ಗೆ ನೋಡಿದರೆ ನನ್ನ ಮೀನುಗಳಿಗೆ ಕಾಲು ಬಂದಿತ್ತು. ಪವಾಡ ನಡೆದಿದೆಯೆಂದು ನಾನು ಬಾಟಲಿಯನ್ನು ದೇವರ ಮನೆಗೇ ಒಯ್ದೆ. ಜಪಕ್ಕೆ ಕೂತಿದ್ದ ಅಜ್ಜಿಯ ಮಡಿಲಿಗೆ ಒಂದು ಜಿಗಿಯಿತು. ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಕಪ್ಪೆಮರಿಗೂ ಮೀನಿಗೂ ಇರುವ ವ್ಯತ್ಯಾಸ ಬೆನ್ನಿನ ಮೂಲಕ ನನಗೆ ತಿಳಿಯಿತು ಎಂದರೆ ಸಾಕು.

ಇಂಥ ನಾನು ಎಪ್ಪತ್ತರ ದಶಕದ ಕೊನೆಗೆ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ರಾಸಾಯನಿಕ ಕಾರ್ಖಾನೆಗೆ ಬಂದು ಸೇರಿದೆ. ಕೆಲಸ ಮೀಟರುಗಳದ್ದು. ಟಾಂಕಿಯೊಳಗೆ ಏನು ಎಷ್ಟಿದೆಯೆಂದು ಹೊರಗೆ ನಿಂತು ಮುಳ್ಳು ನೋಡಿ ಹೇಳುವುದು. ಇದರಿಂದ ನನಗೊಂದು ದುರಭ್ಯಾಸ ಬೆಳೆಯಿತು. ಮುಳ್ಳು ತೋರಿಸಿದ್ದನ್ನು ನಂಬುವುದು, ಮನುಷ್ಯರು ಹೇಳಿದ್ದನ್ನು ಅಷ್ಟಾಗಿ ನಂಬದಿರುವುದು. ಇರುವುದಕ್ಕೆ ಇನ್ನಿಬ್ಬರೊಡನೆ ಒಂದು ಖೋಲಿ, ಊಟಕ್ಕೆ ಸ್ಟೇಷನ್ನಿನ ಹತ್ತಿರ ವಾಸುದೇವ ರಾಯರ ಹೋಟೆಲು.

ರಾಯರು ಮಿತವಾಗಿ ಮಾತಾಡುವ, ಅತಿಯಾಗಿ ಗಮನಿಸುವ ಜಾತಿ. ಯಾವ ಟೇಬಲ್ಲಿನಲ್ಲಿ ಚಟ್ನಿ ಉಳಿಯಿತು, ಯಾವ ಮಾಣಿ ಲೋಟ ಒಡೆದ, ಎಲ್ಲ ಕೂತಲ್ಲಿಂದಲೇ ಅವರಿಗೆ ಗೊತ್ತಾಗುತ್ತಿತ್ತು. ಮಧ್ಯಾಹ್ನ ಅವರು ಒಂದು ಗಳಿಗೆ ಅಡ್ಡಾಗುವಾಗ ಗಲ್ಲೆಯಲ್ಲಿ ಕೂರುತ್ತಿದ್ದವಳು ಮಗಳು ಜಯಾ. ನಾನು ಪಾಳಿ ಬದಲಾಯಿಸಿಕೊಂಡು ಮಧ್ಯಾಹ್ನವೇ ಊಟಕ್ಕೆ ಬರತೊಡಗಿದೆ. ಚಿಲ್ಲರೆ ಕೊಡುವಾಗ ಅವಳು ನಗುತ್ತಿದ್ದಳು. ಎಲ್ಲ ಗಿರಾಕಿಗಳಿಗೂ ನಗುತ್ತಿದ್ದಳು ಎಂಬುದು ನಿಜವೇ. ನನಗೆ ಸ್ವಲ್ಪ ಹೆಚ್ಚು ನಗುತ್ತಿದ್ದಳು. ಅದನ್ನು ಅಳೆಯುವ ಮೀಟರು ಇರಲಿಲ್ಲವಾದ್ದರಿಂದ ಖಾತ್ರಿಯಾಗಲು ನನಗೆ ಒಂದು ವರ್ಷ ಹಿಡಿಯಿತು.

ಅಂತೂ ಗದಗಿನಿಂದ ಅಪ್ಪ ಬಂದು ಹುಡುಗಿಯನ್ನು ಕೇಳಿದರು. ರಾಯರಿಗೆ ನನ್ನ ಮೇಲೆ ಬೇಸರವಿರಲಿಲ್ಲ. ಘಟ್ಟದ ಮೇಲಿನವರು, ರೊಟ್ಟಿ ಬಡಿಯುವವರು, ಸಾರಿಗೆ ತೆಂಗಿನಕಾಯಿ ಹಾಕಲು ಬಾರದವರು ಎಂಬ ಸಣ್ಣ ಆತಂಕವಿತ್ತು, ಅಷ್ಟೆ. ಭಿವಂಡಿಯಲ್ಲಿ ಹೋಟೆಲಿದ್ದ ಅವರದೇ ಊರ ಕಡೆಯ ಒಬ್ಬ ಹುಡುಗನೂ ಲೆಕ್ಕದಲ್ಲಿದ್ದ. ಯಾವುದು ಸರಿಯೆಂದು ತಿಳಿಯದೆ ರಾಯರು ಎರಡೂ ಜಾತಕ ಹಿಡಿದು ಬದಲಾಪುರದ ಜೋಯಿಸರ ಹತ್ತಿರ ಹೋದರು.

ಜೋಯಿಸರು ನನ್ನ ಜಾತಕವೇ ಮೇಲು, ಆದರೆ ಹುಡುಗಿಗೆ ಶನಿಯ ಕಾಟವಿದೆ ಎಂದರಂತೆ. ಪರಿಹಾರ ಸುಲಭ. ಶನಿವಾರ ಹುಡುಗಿ ತನ್ನ ಕೈಯಾರೆ ಕೆರೆಯ ಮೀನಿಗೆ ಗೋಧಿಹಿಟ್ಟಿನ ಉಂಡೆ ಕೊಡಬೇಕು. ಮೀನು ತಿಂದರೆ ಈ ಸಂಬಂಧ ಕೂಡಿಸಬಹುದು. ದಸರೆಯೊಳಗೆ ತಿನ್ನದಿದ್ದರೆ ದೈವಚಿತ್ತ ಇಲ್ಲವೆಂದು ಬಿಟ್ಟುಬಿಡಬೇಕು. "ತಿಂದದ್ದು ಮಾತ್ರ ಖಾತ್ರಿ ಆಗಬೇಕು ಅಂತ ಹೇಳಿದ್ದಾರೆ, ಕುಲಕರ್ಣಿಯವರೇ," ಎಂದು ರಾಯರು ನನಗೆ ಹೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಊರಿನ ದೇವಸ್ಥಾನದ ಕೆರೆ. ಅಲ್ಲಿ ಅರಳು ಹಾಕುವ ಮೊದಲೇ ಮೀನುಗಳು ಬಾಯಿ ತೆರೆದು ಸಾಲಾಗಿ ನಿಲ್ಲುತ್ತವೆ. ಮೀನಿಗೆ ಊಟ ಹಾಕುವುದೂ ಒಂದು ಕಷ್ಟವೇ ಎಂದು ಅವರು ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ.

ಪಕ್ಕದ ಕಲ್ಯಾಣ ಊರಿನ ಕೆರೆಯ ಮೆಟ್ಟಿಲ ಮೇಲೆ ನಿಂತು ಮೊದಲ ಪ್ರಯತ್ನ ನಡೆಯಿತು. ತೇಲಿದ ಉಂಡೆಯನ್ನು ಬಾತುಕೋಳಿ ತಿಂದಿತು, ಮೆಟ್ಟಿಲಿಗೆ ಬಿದ್ದದ್ದನ್ನು ಕಾಗೆ ತಿಂದಿತು, ಮುಳುಗಿದ್ದು ಮುಳುಗಿತು. ಕಾಗೆಯೂ ಶನಿಯದ್ದೇ ಅಲ್ಲವೇ, ನಡೆಯುತ್ತದೆಯೇ ಎಂದು ರಾಯರು ಜೋಯಿಸರನ್ನು ವಿಚಾರಿಸಿದರು. ಅದು ಬೇರೆ ಖಾತೆ ಎಂದು ಉತ್ತರ ಬಂತು.

ಇಷ್ಟರಲ್ಲಿ ಉಂಡೆಯ ವಿಷಯ ಹೇಳಿಬಿಡಬೇಕು. ಹೋಟೆಲಿನ ಅಡಿಗೆ ಭಟ್ಟರಿಗೆ ಬರೀ ಹಿಟ್ಟು ನೀರು ಕಲಸಿ ಉಂಡೆ ಮಾಡಿಕೊಡಿ ಎಂದರೆ ಅವಮಾನವಾಯಿತು. ಉಪ್ಪಿಲ್ಲದ್ದನ್ನು ತಾನು ಈ ಜನ್ಮದಲ್ಲಿ ಯಾರಿಗೂ ಬಡಿಸಿಲ್ಲ, ಮೀನಾದರೇನು, ಅದಕ್ಕೂ ನಾಲಗೆ ಇಲ್ಲವೇ ಎಂದರು. ಉಪ್ಪು, ಚೂರು ಓಮ, ಮಸ್ಜಿದ್ ಬಂದರಿನ ಪೇಟೆಯಿಂದ ಅವರೇ ಆರಿಸಿ ತರುತ್ತಿದ್ದ ಗಟ್ಟಿ ಹಿಂಗು ಧಾರಾಳ, ಎಲ್ಲ ಹಾಕಿ ಹದವಾಗಿ ನಾದಿದರು. ಹೋಟೆಲಿನ ಸ್ಟೀಲ್ ಡಬ್ಬಿಯಲ್ಲಿ ಅದನ್ನು ತುಂಬಿಕೊಂಡು ಲೋಕಲ್ ರೈಲಿನಲ್ಲಿ ಹೊರಟರೆ ಇಡೀ ಬೋಗಿಗೆ ಹಸಿವಾಗುತ್ತಿತ್ತು. ಮೀನುಗಳಿಗೆ ಮಾತ್ರ ಆಗಲಿಲ್ಲ.

ದಸರೆ ಹತ್ತಿರ ಬರುತ್ತಿತ್ತು. ನನಗೆ ಊಟ ಸೇರದಾಯಿತು. ಒಂದು ವರ್ಷ ಕಾದು ಖಾತ್ರಿ ಮಾಡಿಕೊಂಡ ನಗುವನ್ನು ಭಿವಂಡಿಯವನು ಹೊತ್ತುಕೊಂಡು ಹೋಗುತ್ತಾನಲ್ಲ ಎಂದು ಎದೆ ಹಿಂಡುತ್ತಿತ್ತು. ಮಲಪೆಯ ಭಾಸ್ಕರ ನನ್ನ ಜೊತೆ ಕಾರ್ಖಾನೆಯ ಸ್ಟೋರಿನಲ್ಲಿದ್ದವನು, ಹೆಂಡತಿಯೊಂದಿಗೆ ರಾಯರ ಹೋಟೆಲಿನ ಹಿಂದಿನ ಗಲ್ಲಿಯಲ್ಲೇ ಇದ್ದ. ಕ್ಯಾಂಟೀನಿನಲ್ಲಿ ನನ್ನ ಮುಖ ನೋಡಿ ಏನೆಂದು ಕೇಳಿದ. ಹೇಳಿದೆ. ಅವನು ಪೂರ್ತಿ ಕೇಳಿ, "ಎಂತ ಮಾರಾಯ, ನಾವು ಮೀನು ಹುಡುಕುವುದು ತಿನ್ನಲಿಕ್ಕೆ. ನೀವು ಹುಡುಕುವುದು ತಿನ್ನಿಸಲಿಕ್ಕಾ?" ಎಂದ.

ಆದರೆ ಯಂತ್ರ ಕೊಟ್ಟವನು ಅವನೇ. ಅವನ ಭಾವ ಕುವೈತಿನಲ್ಲಿ ಯಾರದೋ ದೋಣಿಯ ಮೇಲೆ ಕೆಲಸಕ್ಕಿದ್ದ. ಬರುವಾಗ ಎಲ್ಲರೂ ಟೇಪ್ ರೆಕಾರ್ಡರ್ ತಂದರೆ ಈ ಪುಣ್ಯಾತ್ಮ ಇದನ್ನು ತಂದಿದ್ದ. ವಾಯರಿನ ತುದಿಯ ತಟ್ಟೆಯನ್ನು ನೀರಿಗೆ ಬಿಟ್ಟರೆ ಅದು ಕೆಳಕ್ಕೆ ಒಂದು ಸದ್ದು ಕಳಿಸುತ್ತದೆ, ನಮಗೆ ಕೇಳಿಸದಂಥದು. ಅದು ಏನಕ್ಕಾದರೂ ತಾಗಿ ಮರಳಿ ಬಂದರೆ ಪೆಟ್ಟಿಗೆಯ ಮುಖದಲ್ಲಿ ಗರಗರ ತಿರುಗುವ ಕೆಂಪು ದೀಪ, ಎಷ್ಟು ಅಡಿ ಆಳವೋ ಆ ಅಂಕಿಯ ಹತ್ತಿರ ಮಿನುಗುತ್ತದೆ. ತಾಗಿದ್ದು ಮೀನೋ, ಕಲ್ಲೋ, ಯಾರೋ ಎಸೆದ ಸ್ಟೋವೋ ಎಂದು ಹೇಳುವ ಜವಾಬ್ದಾರಿ ಯಂತ್ರದ್ದಲ್ಲ. ಮಲಪೆಯವನಾದರೂ ಭಾಸ್ಕರ ಇಲ್ಲಿಗೆ ಬಂದಮೇಲೆ ಮೀನನ್ನು ಹಿಡಿದದ್ದು ಮಾರ್ಕೆಟ್ಟಿನಲ್ಲಿ ಮಾತ್ರ. ಅವನಿಗೂ ಒಂದು ಆಸೆಯಿತ್ತು. ಮೀನು ಎಲ್ಲಿವೆಯೆಂದು ನಾನು ಕಂಡುಹಿಡಿದರೆ ಆ ಜಾಗವನ್ನು ಅವನಿಗೆ ಹೇಳಬೇಕು, ಭಾನುವಾರ ಅವನು ಗಾಳ ಹಾಕುತ್ತಾನೆ. ಒಂದೇ ಮೀನಿಗೆ ಶನಿವಾರ ಸಂತರ್ಪಣೆ, ಭಾನುವಾರ ಗಾಳ. ಒಪ್ಪಿಕೊಂಡೆ. ಪ್ರೇಮದಲ್ಲಿರುವವನು ಮೀನಿನ ಕ್ಷೇಮ ನೋಡುತ್ತಾನೆಯೇ?

ಠಾಣೆ ಊರಿನಲ್ಲಿ ಕೆರೆಗಳಿಗೆ ಬರವಿಲ್ಲ. ದೋಣಿ ಬಾಡಿಗೆಗೆ ಸಿಗುವಂಥ ಒಂದನ್ನು ಆರಿಸಿದೆವು. ಹೊರಡುವ ಮೊದಲು ರಾಯರು ಯಂತ್ರವನ್ನು ಹೋಟೆಲಿನ ಹೊರಗೇ ಇಡಿಸಿದರು. ಅದು ಎಷ್ಟು ಮೀನುಗಳ ಸಾವಿಗೆ ಸಾಕ್ಷಿಯಾಗಿದೆಯೋ ಯಾರಿಗೆ ಗೊತ್ತು. ತುಳಸಿಯ ನೀರು ಚಿಮುಕಿಸಿ, ವಾಯರಿನ ತಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸಿ, ಇನ್ನು ಪರವಾಗಿಲ್ಲ ಎಂದರು. ಪ್ರಪಂಚದಲ್ಲಿ ಮಡಿಯಾದ ಮೀನು ಯಂತ್ರ ಅದೊಂದೇ ಇದ್ದೀತು. ಮೋಟರ್‌ಸೈಕಲ್ಲಿನ ಬ್ಯಾಟರಿಯನ್ನು ನಾನು ತರಕಾರಿ ಚೀಲದಲ್ಲಿ ಹಾಕಿಕೊಂಡೆ. ರೈಲಿನಲ್ಲಿ ಭಜನೆಯವರು ತಾಳ ನಿಲ್ಲಿಸಿ ಪೆಟ್ಟಿಗೆಯನ್ನು ನೋಡಿದರು. ಹಾರ್ಮೋನಿಯಂ ಅಲ್ಲವೆಂದು ಗೊತ್ತಾಗಿ ಮತ್ತೆ ಶುರುಮಾಡಿದರು.

ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದ ರಾಯರಿಗೆ ನೀರೆಂದರೆ ಭಯ ಎಂಬುದು ದೋಣಿ ಹತ್ತಿದ ಮೇಲೆ ತಿಳಿಯಿತು. ಒಂದು ಕೈಯಲ್ಲಿ ದೋಣಿಯ ಅಂಚು, ಇನ್ನೊಂದರಲ್ಲಿ ಕೊಡೆ ಹಿಡಿದು ಕೂತರು. ಬಿಸಿಲಿಗೆ ಕೆಂಪು ದೀಪ ಕಾಣುತ್ತಿರಲಿಲ್ಲ, ಹಾಗಾಗಿ ಕೊಡೆ ಯಂತ್ರದ ಮೇಲೆ, ಬಿಸಿಲು ರಾಯರ ಮೇಲೆ. ನಾನೂ ಅವರೂ ಕೊಡೆಯೊಳಗೆ ತಲೆ ತೂರಿಸಿ ಬಿಲ್ಲೆ ನೋಡುತ್ತಿದ್ದೆವು. ಜಯಾ ಡಬ್ಬಿ ಹಿಡಿದು ದೋಣಿಯ ಮೂತಿಯಲ್ಲಿ ಕೂತಿದ್ದಳು. ದೋಣಿಯವನು ಹುಟ್ಟು ಹಾಕುತ್ತ ನಮ್ಮನ್ನೇ ನೋಡುತ್ತಿದ್ದ.

ಕೆಂಪು ದೀಪ ಹನ್ನೆರಡು ಅಡಿಯಲ್ಲಿ ಸ್ಪಷ್ಟವಾಗಿ ಮಿನುಗಿತು. "ಅದಾವ್ರೀ ರಾಯರ, ಭಾಳ ಅದಾವು," ಎಂದೆ. ದೋಣಿ ಮುಂದೆ ಹೋದರೂ ದೀಪ ಹೋಗಲಿಲ್ಲ. ಎತ್ತ ಹೋದರೂ ಹನ್ನೆರಡು ಅಡಿಯಲ್ಲಿ ಅದೇ ಬೆಳಕು. ಕೆರೆಯ ತುಂಬ ಮೀನಿನ ಹಾಸಿಗೆಯೇ ಇದೆ ಎಂದು ನಾನು ಸಾರಿದೆ. ರಾಯರು ಅಂಚು ಹಿಡಿದ ಕೈ ಬಿಡದೆಯೇ, ಕೊಡೆ ಹಿಡಿದ ಕೈಯನ್ನು ಹಣೆಗೆ ತಾಗಿಸಿ ನಮಸ್ಕಾರ ಮಾಡಿದರು. ಜಯಾ ಒಂದೊಂದೇ ಉಂಡೆ ಬಿಟ್ಟಳು. ಅಪರಾಹ್ನವೆಲ್ಲ ಬಿಟ್ಟಳು. ದೀಪ ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಊಟ ಬಂದರೂ ಮಿಸುಕದ ಗಿರಾಕಿಯನ್ನು ತಾನು ಕಂಡಿಲ್ಲ ಎಂದು ರಾಯರು ಹೇಳಿದರು. ಮೀನು ಶಾಂತ ಸ್ವಭಾವದ ಪ್ರಾಣಿ ಎಂದು ನಾನು ವಿವರಿಸಿದೆ.

ಸೋಮವಾರ ಭಾಸ್ಕರನಿಗೆ ಹೇಳಿದರೆ ಅವನು ಚಹಾದ ಗ್ಲಾಸು ಕೆಳಗಿಟ್ಟು, ಕಣ್ಣೊರೆಸಿಕೊಂಡು, ಮತ್ತೆ ನಕ್ಕ. ಅದು ಕೆರೆಯ ತಳವಂತೆ. ಸದ್ದು ನೆಲಕ್ಕೆ ತಾಗಿ ಬಂದದ್ದು. ಟಾಂಕಿಯ ತಳವನ್ನು ದಿನಾ ಅಳೆಯುವವನಿಗೆ ಕೆರೆಗೂ ತಳವಿರುತ್ತದೆಂದು ಹೊಳೆದಿರಲಿಲ್ಲ. ಕೆರೆಯ ಕೆಸರಿಗೆ ನಾನು ಓಮ, ಹಿಂಗು ಹಾಕಿದ ಉಂಡೆ ತಿನ್ನಿಸಿ ಬಂದಿದ್ದೆ. ಕಪ್ಪೆಮರಿಯಿಂದ ಇಲ್ಲಿಯವರೆಗೆ ನನ್ನ ಪ್ರಗತಿ ನೀವೇ ನೋಡಿ. ರಾಯರಿಗೆ ಹೋಗಿ ತಿಳಿಸಿದೆ. ಅವರು ಸಾಂಬಾರಿನ ಹಂಡೆಯೊಳಗೆ ಇಣುಕುತ್ತಲೇ, "ಆಗಲಿ. ಕೆರೆಗೆ ತಳ ಉಂಟು ಅಂತಾದರೂ ಖಾತ್ರಿ ಆಯಿತಲ್ಲ," ಎಂದರು.

ದಸರೆಯ ಮೊದಲಿನ ಕೊನೆಯ ಶನಿವಾರ ಮತ್ತೆ ಹೋದೆವು. ಈ ಸಲ ತಳದ ಬೆಳಕನ್ನು ಬಿಟ್ಟು ನಡುವಿನ ಮಿಣುಕನ್ನು ನೋಡಬೇಕೆಂದು ಭಾಸ್ಕರ ಪಾಠ ಮಾಡಿ ಕಳಿಸಿದ್ದ. ಬಹಳ ಹೊತ್ತು ಏನೂ ಇಲ್ಲ. ಆಚೆ ದಂಡೆಯ ಅರಳಿಮರದ ಎದುರಿಗೆ ಬಂದಾಗ ಎಂಟು ಅಡಿಯಲ್ಲಿ ಒಂದು ಕೆಂಪು ಚುಕ್ಕೆ ಮಿನುಗಿ ಆರಿತು. ಮತ್ತೊಂದು. ಆಮೇಲೆ ಮೂರು ಒಟ್ಟಿಗೆ. ಇವು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಮೇಲೆ ಕೆಳಗೆ ಆಡುತ್ತಿದ್ದವು. ನಾನು ಪಿಸುದನಿಯಲ್ಲಿ ಹೇಳಿದೆ. ದೋಣಿ ನಿಂತಿತು. ಜಯಾ ಕಣ್ಣುಮುಚ್ಚಿ, ತುಟಿ ಅಲ್ಲಾಡಿಸುತ್ತ, ಉಂಡೆ ಬಿಟ್ಟಳು. ಬಿಲ್ಲೆಯಲ್ಲಿ ಒಂದು ಸಣ್ಣ ಮಿಣುಕು ಇಳಿಯಿತು, ಎಂಟು ಅಡಿಗೆ ಬಂತು, ಅಲ್ಲಿದ್ದ ಮಿಣುಕಿನೊಂದಿಗೆ ಸೇರಿತು, ಎರಡೂ ಇಲ್ಲವಾದವು.

"ತಿಂತ್ರೀ!" ಎಂದು ನಾನು ಕೂಗಿಯೇಬಿಟ್ಟೆ. ರಾಯರು ಕೊಡೆಯೊಳಗಿಂದ ತಲೆ ಹೊರಗೆ ತೆಗೆದು ನೀರನ್ನು ನೋಡಿದರು. ಹಸಿರು ನೀರು. ಒಂದು ಗುಳ್ಳೆಯೂ ಬರಲಿಲ್ಲ. ಮತ್ತೆ ಬಿಲ್ಲೆ ನೋಡಿದರು. "ಬೆಳಕು ಬೆಳಕನ್ನು ತಿಂದದ್ದು ನನಗೂ ಕಂಡಿತು, ಕುಲಕರ್ಣಿಯವರೇ," ಎಂದರು. "ಮೀನು ಉಂಡೆ ತಿಂದದ್ದು ಕಾಣಲಿಲ್ಲ." ಅವರ ಸ್ವರದಲ್ಲಿ ಕೊಂಕು ಇರಲಿಲ್ಲ. ಅವರಿಗೂ ಬೇಸರವಾದದ್ದು ನನಗೆ ಗೊತ್ತಾಯಿತು. ನಾನು ಬ್ಯಾಟರಿಯ ವಾಯರು ಬಿಚ್ಚಿದೆ.

ಮರಳಲು ರೈಲು ಹಿಡಿದೆವು. ರಾಯರು ಮುಂಬ್ರಾ ದಾಟುವಾಗ ಕಣ್ಣು ಮುಚ್ಚಿದರು. ಜಯಾ ಅರ್ಧ ತುಂಬಿದ ಡಬ್ಬಿಯನ್ನು ಮಡಿಲಲ್ಲಿಟ್ಟು ಕಿಟಕಿಯಾಚೆ ಖಾಡಿಯ ಹಿನ್ನೀರಿನ ಕಡೆ ನೋಡುತ್ತಿದ್ದಳು. ಕೊನೆಗೆ ನನ್ನ ಕಡೆ ತಿರುಗಿ, ಭಾಸ್ಕರ ನಾಳೆ ಆ ಕೆರೆಗೆ ಬರುವುದು ಹೌದಾ ಎಂದು ಕೇಳಿದಳು. ಹೌದು ಎಂದೆ. ಯಾವ ಜಾಗ ಹೇಳುತ್ತೀರಿ ಎಂದಳು. ಅರಳಿಮರದ ಎದುರು, ಎಂಟು ಅಡಿ, ಎಂದು ನಾನು ದುಃಖದಲ್ಲೂ ಸ್ವಲ್ಪ ಜಂಬದಿಂದಲೇ ಹೇಳಿದೆ. ಹೆಂಗಸರಿಗೂ ಯಂತ್ರದಲ್ಲಿ ಆಸಕ್ತಿ ಹುಟ್ಟಿಸಿದೆನಲ್ಲ ಎಂಬ ಸಮಾಧಾನ. ಇಳಿದಮೇಲೆ ಅವರಿಬ್ಬರೂ ಹೋಟೆಲಿನ ಕಡೆ ಹೋದರು, ನಾನು ಖೋಲಿಗೆ ಹೋಗಿ ಗೋಡೆಗೆ ಮುಖಮಾಡಿ ಮಲಗಿದೆ. ಭಿವಂಡಿಯವನ ಮದುವೆಗೆ ಏನು ಉಡುಗೊರೆ ಕೊಡುವುದೆಂಬಲ್ಲಿಯವರೆಗೆ ಯೋಚನೆ ಹೋಯಿತು.

ಸೋಮವಾರ ಪಾಳಿ ಮುಗಿಯುವ ಹೊತ್ತಿಗೆ ಭಾಸ್ಕರ ಗೇಟಿನಲ್ಲಿ ಕಾಯುತ್ತಿದ್ದ. ಕೈಯಲ್ಲಿ ಬಾಳೆ ಎಲೆಯ ಒಂದು ಪೊಟ್ಟಣ. ನಿನ್ನೆ ಒಂದು ರೋಹು ಸಿಕ್ಕಿತು, ಹೆಂಡತಿ ಸೀಳಿದರೆ ಹೊಟ್ಟೆಯೊಳಗೆ ಇದು, ಎಂದ. ಬಿಚ್ಚಿ ತೋರಿಸಿದ. ಹಿಟ್ಟಿನ ಮುದ್ದೆ. ಮೀನಿನ ವಾಸನೆಯನ್ನೂ ಮೀರಿ ಘಮ್ಮೆಂದು ಹಿಂಗು ಬಂತು. ಮನೆಯಲ್ಲಿ ಗಲಾಟೆಯೇ ಆಯಿತಂತೆ. ಮೀನು ಸಾರಿಗೆ ಹಿಂಗು ಹಾಕಿದ ಹೆಂಗಸು ಎಂದು ನೆರೆಯವರು ಅವಳನ್ನು ಆಡಿಕೊಂಡರಂತೆ.

ನನಗೆ ಕುಣಿಯುವಂತಾಯಿತು, ಮರುಗಳಿಗೆಯಲ್ಲೇ ಕಾಲು ನಿಂತಿತು. ಮೀನು ತಿಂದದ್ದಕ್ಕೆ ಇದಕ್ಕಿಂತ ಖಾತ್ರಿ ಬೇಕೇ? ಆದರೆ ಇದನ್ನು ರಾಯರಿಗೆ ಹೇಳುವುದು ಹೇಗೆ? ನಿಮ್ಮ ಮಗಳ ಶನಿಯನ್ನು ಹೊತ್ತುಕೊಂಡ ಪುಣ್ಯಜೀವಿಯನ್ನು ನಿನ್ನೆ ಮಧ್ಯಾಹ್ನ ಹುಳಿ ಹಾಕಿ ಕುದಿಸಿದ್ದಾರೆ ಎನ್ನುವುದೇ? ಹೇಳಿದರೆ ಸಂಬಂಧ ಮುರಿಯಬಹುದು, ಹೇಳದಿದ್ದರೆ ಖಂಡಿತ ಮುರಿಯುತ್ತದೆ. ಭಾಸ್ಕರ ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಹೋದ.

ಪೊಟ್ಟಣ ಹೋಟೆಲಿನೊಳಗೆ ಹೋಗುವಂತಿರಲಿಲ್ಲ. ರಾಯರೇ ಫುಟ್‌ಪಾತಿಗೆ ಇಳಿದು ಬಂದರು. ಭಾಸ್ಕರ ಎಲೆ ಬಿಚ್ಚಿದ. ಅವರು ಮಾರು ದೂರದಲ್ಲೇ ನಿಂತು, ಪಂಚೆ ಎತ್ತಿ ಹಿಡಿದು, ಬಗ್ಗಿ ಮೂಸಿದರು. "ನಮ್ಮ ಭಟ್ಟರ ಹಿಂಗು," ಎಂದರು. ಗಲ್ಲೆಯ ಹಿಂದೆ ಜಯಾ ತಲೆ ತಗ್ಗಿಸಿ ನಾಣ್ಯಗಳನ್ನು ಜೋಡಿಸುತ್ತಿದ್ದಳು.

"ಗಾಳಕ್ಕೆ ಸಿಗುವ ಮೊದಲು ತಿಂದದ್ದೋ, ಆಮೇಲೋ?" ಎಂದು ರಾಯರು ಕೇಳಿದರು.

"ತಿನ್ನದೆ ಸಿಗ್ತದಾ ರಾಯರೇ?" ಎಂದ ಭಾಸ್ಕರ.

ರಾಯರು ಅವನ ಮುಖ ನೋಡಿದರು. ಆಮೇಲೆ ನಾನು ಹೆದರಿದ್ದ ಪ್ರಶ್ನೆ ಬಂತು. ಆ ಮೀನು ಈಗ ಎಲ್ಲಿ ಉಂಟು ಎಂದರು. ಭಾಸ್ಕರ ಬಸ್‌ಸ್ಟಾಪಿನ ಕಡೆ ನೋಡಿದ. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಒಂದು ರಿಕ್ಷಾ ಹೋಯಿತು, ಇನ್ನೊಂದು ಹೋಯಿತು. ಎಲ್ಲ ಮುಗಿಯಿತು ಎಂದುಕೊಂಡೆ.

"ಆಯಿತು ಬಿಡಿ," ಎಂದರು ರಾಯರು. "ಉಂಡು ಎದ್ದುಹೋದ ಗಿರಾಕಿ ಆಮೇಲೆ ಎಲ್ಲಿಗೆ ಹೋದ ಅಂತ ಹೋಟೆಲಿನವ ಕೇಳಲಿಕ್ಕುಂಟಾ?"

ಮೆಟ್ಟಿಲು ಹತ್ತಿದವರು ತಿರುಗಿ, ಭಾಸ್ಕರನಿಗೆ, "ಡಬ್ಬಿ ನಾಳೆ ತಂದು ಕೊಟ್ಟುಬಿಡಿ," ಎಂದರು. ನನಗೆ, "ಕುಲಕರ್ಣಿ, ಒಳಗೆ ಬಾ. ಕಾಫಿ ಕುಡಿ," ಎಂದರು. ಅಲ್ಲಿಯವರೆಗೆ ನಾನು 'ನೀವು' ಆಗಿದ್ದೆ. ಆ ಒಂದು 'ಬಾ'ಗೆ ನನಗೆ ಅಳುವೇ ಬಂತು. ಅಳುವಿನಲ್ಲಿ ಡಬ್ಬಿಯ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಪೊಟ್ಟಣವಿದ್ದದ್ದು ಬಾಳೆ ಎಲೆಯಲ್ಲಿ, ಡಬ್ಬಿ ಎಲ್ಲಿಂದ ಬಂತು ಎಂದು ಕೇಳಬೇಕೆಂದು ಅನ್ನಿಸಲೇ ಇಲ್ಲ.

ಮದುವೆ ಆ ಮಾಘದಲ್ಲಿ ಆಯಿತು. ಭಾಸ್ಕರ ಜರಿ ಕಾಗದದಲ್ಲಿ ಸುತ್ತಿ ಉಡುಗೊರೆ ಕೊಟ್ಟದ್ದು ಇದೇ ಪೆಟ್ಟಿಗೆ. ಊಟಕ್ಕೆ ಬಂದವರೆಲ್ಲ ಅದನ್ನು ತೂಕದ ಯಂತ್ರವೆಂದು ತಿಳಿದರು.

ಇಷ್ಟೆಲ್ಲ ನೆನಪಾಗುತ್ತ ನಾನು ಬಿಲ್ಲೆಯ ಧೂಳು ಒರೆಸುತ್ತಿದ್ದೆ. ಜಯಾ ಚಹಾ ತಂದಿಟ್ಟು, ಸ್ಟೂಲು ಎಳೆದುಕೊಂಡು ಕೂತಳು. ಇದು ಅವತ್ತು ಅರಳಿಮರದ ಹತ್ತಿರ ಮೀನು ತೋರಿಸದಿದ್ದರೆ ನೀನು ಈಗ ಭಿವಂಡಿಯಲ್ಲಿರುತ್ತಿದ್ದೆ ಎಂದೆ.

"ಅರೇ, ನಿಮಗೆ ಖರೇನೇ ಗೊತ್ತಿಲ್ವಾ?" ಎಂದಳು. ಹುಟ್ಟಿದ್ದು ಡೊ‌ಂಬಿವಲಿ, ಅಪ್ಪ ಉಡುಪಿ, ಗಂಡ ಗದಗು. ಅವಳ ಒಂದೊಂದು ವಾಕ್ಯದಲ್ಲೂ ಮೂರೂ ಊರು ಇರುತ್ತವೆ. "ಆ ಶನಿವಾರ ಸಂಜೆ ಅಪ್ಪ ಸ್ನಾನಕ್ಕೆ ಹೋದ ಕೂಡಲೇ ನಾನು ಹಿಂದಿನ ಗಲ್ಲಿಗೆ ಹೋದೆ. ಉಳಿದ ಉಂಡೆ ಡಬ್ಬಿ ಸಮೇತ ಭಾಸ್ಕರಣ್ಣನ ಕೈಯಲ್ಲಿ ಕೊಟ್ಟೆ. ಇದನ್ನೇ ಗಾಳಕ್ಕೆ ಕಟ್ಟು, ಸುತ್ತಲೂ ಸ್ವಲ್ಪ ಎಸಿ, ಮೀನು ಸಿಕ್ಕಿದರೆ ಹೊಟ್ಟೆಯಲ್ಲಿದ್ದದ್ದನ್ನು ಇಟ್ಟುಕೊಂಡು ಬಾ ಅಂತ ಹೇಳಿದೆ. ನಾನೇ ಕೈಯಾರೆ ಕೊಟ್ಟದ್ದು ತಾನೇ? ಜೋಯಿಸರು ಹೇಳಿದ್ದೂ ಅಷ್ಟೇ."

ನಾನು ಚಹಾ ಮರೆತೆ. ಅಷ್ಟು ಧೈರ್ಯ ಹೇಗೆ ಬಂತು ಎಂದು ಕೇಳಿದೆ.

"ನೀವು ಬಿಲ್ಲೆ ನೋಡ್ತಾ ಕೂತ್ರೆ ದಸರಾ ಹೋಗಿ ದೀಪಾವಳಿ ಬರ್ತಿತ್ತು. ನನಗೆ ಭಿವಂಡಿಗೆ ಹೋಗ್ಲಿಕ್ಕೆ ಮನಸ್ಸಿರಲಿಲ್ಲ," ಎಂದಳು. ಸೆರಗಿನಿಂದ ಪೆಟ್ಟಿಗೆಯ ಮೂಲೆ ಒರೆಸಿದಳು. "ಮೀನು ಹುಡುಕ್ಲಿಕ್ಕೆ ಮಶೀನ್ ಯಾಕೆ? ಮೀನು ತಿನ್ನುವವರನ್ನು ಹುಡುಕಿದರೆ ಆಯ್ತಲ್ಲ."

ಬಣ್ಣದವನು ಏಣಿಯ ಮೇಲಿಂದ ಗೋಡೆಯ ಪುಟ್ಟಿ ತಿಕ್ಕುವುದನ್ನು ನಿಲ್ಲಿಸಿ ನಮ್ಮನ್ನು ನೋಡಿದ. ನನಗೆ ಉಳಿದದ್ದು ಒಂದೇ ಸಮಾಧಾನ. ಪಾಪ, ಮಾವನವರಿಗೂ ನನ್ನ ಹಾಗೆಯೇ ಮೋಸವಾಯಿತು, ಅವರೂ ಕೊನೆಯವರೆಗೆ ನಂಬಿದ್ದರು ಎಂದೆ.

"ಅಪ್ಪನಿಗಾ?" ಎಂದು ಜಯಾ ನಕ್ಕಳು. ಚಿಲ್ಲರೆ ಕೊಡುವಾಗ ನಗುತ್ತಿದ್ದ ಅದೇ ನಗು. "ಹೋಟೆಲಿನ ಡಬ್ಬಿ ಯಾರ ಮನೆಯಲ್ಲಿದೆ ಅಂತ ಅಪ್ಪನಿಗೆ ಗೊತ್ತಿಲ್ಲದೆ ಇರ್ತದಾ? ಫುಟ್‌ಪಾತಿನಲ್ಲೇ ವಾಪಸ್ ಕೇಳಿದರಲ್ಲ, ನೀವೂ ಅಲ್ಲೇ ಇದ್ದಿರಿ."

ಇದ್ದೆ. ದೋಣಿಯಲ್ಲೂ ಇದ್ದೆ, ರೈಲಿನಲ್ಲೂ ಇದ್ದೆ, ಫುಟ್‌ಪಾತಿನಲ್ಲೂ ಇದ್ದೆ. ಮಾವನವರು ತೀರಿಕೊಂಡು ಬಹಳ ವರ್ಷವಾಯಿತು, ಈಗ ಕೇಳೋಣವೆಂದರೆ ಅವರಿಲ್ಲ. ಇದ್ದಷ್ಟು ದಿನ ಅವರಿಗೊಂದು ಅಭ್ಯಾಸವಿತ್ತು. ಊರಿನಿಂದ ನೆಂಟರು ಬಂದಾಗಲೆಲ್ಲ ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮುಖದ ಒಂದು ಗೆರೆಯೂ ಅಲುಗದಂತೆ, "ಇವ ನಮ್ಮ ಅಳಿಯ. ಮೀನು ಹುಡುಕುವುದರಲ್ಲಿ ಭಾರೀ ಹುಷಾರು," ಎನ್ನುತ್ತಿದ್ದರು. ಪ್ರತಿ ಸಲವೂ ನಾನು ಎದೆ ಸೆಟೆಸಿ ನಿಂತಿದ್ದೆ.